ಒಳಗೆ ಕರೆಯುವ ಮಾತು, ಹೊರಗೆ ತರುವ ಮಾತು

"ಅವನನ್ನು ಒಪ್ಪಿಸಿದೆ, ಆದರೆ ಅವನು ಒಪ್ಪಲಿಲ್ಲ." ಯಾರಾದರೂ ಹೀಗೆ ಹೇಳಿದರೆ ಎರಡನೇ ತರಗತಿಯ ಮಗುವೂ ನಕ್ಕುಬಿಡುತ್ತದೆ. ಒಪ್ಪಲಿಲ್ಲ ಎಂದಮೇಲೆ ಒಪ್ಪಿಸಿದ್ದೆಲ್ಲಿ ಬಂತು? 'ನಗಿಸಿದೆ, ಆದರೆ ನಗಲಿಲ್ಲ', 'ಎಬ್ಬಿಸಿದೆ, ಆದರೆ ಏಳಲಿಲ್ಲ' ಅಂದಂತಾಯಿತು. ನಮ್ಮ ಕನ್ನಡದಲ್ಲಿ ಆ ಪುಟ್ಟ 'ಇಸು' ಸೇರಿತೆಂದರೆ ಕೆಲಸ ಮುಗಿದಿದೆ ಎಂದೇ ಲೆಕ್ಕ. ಮುಗಿಯದಿದ್ದರೆ ನಾವು 'ಒಪ್ಪಿಸಲು ನೋಡಿದೆ', 'ಹೇಳಿ ನೋಡಿದೆ' ಅನ್ನುತ್ತೇವೆ.

ಇದೇ ಮಗು ಹೈಸ್ಕೂಲಿಗೆ ಬಂದು ಇಂಗ್ಲಿಷ್ ಪರೀಕ್ಷೆಯಲ್ಲಿ "ಐ ಪರ್ಸ್ವೇಡೆಡ್ ಹಿಮ್, ಬಟ್ ಹಿ ಡಿಡ್ ನಾಟ್ ಅಗ್ರೀ" ಎಂದು ಧೈರ್ಯವಾಗಿ ಬರೆಯುತ್ತದೆ. 31 ವರ್ಷ ಇಂಗ್ಲಿಷ್ ಮೇಷ್ಟ್ರಾಗಿ, ಅಲ್ಲ, ಮೇಡಮ್ಮಾಗಿ ಕೆಂಪು ಶಾಯಿ ಖರ್ಚು ಮಾಡಿದವಳು ನಾನು. ಈ ವಾಕ್ಯದ ಕೆಳಗೆ ಎಷ್ಟು ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ಪರ್ಸ್ವೇಡ್ ಅಂದರೆ ಬರೀ ಬುದ್ಧಿ ಹೇಳುವುದಲ್ಲ. ಅದರಲ್ಲಿ ನಮ್ಮ 'ಒಪ್ಪಿಸು'ವಿನ ಹಾಗೆ ಎದುರಿನವರು ಒಪ್ಪಿದ್ದೂ ಸೇರಿದೆ. ಒಪ್ಪದಿದ್ದರೆ 'ಐ ಟ್ರೈಡ್ ಟು ಪರ್ಸ್ವೇಡ್ ಹಿಮ್' ಎನ್ನಬೇಕು. ಅಂದರೆ ಕನ್ನಡವನ್ನೇ ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದರೆ ಇಂಗ್ಲಿಷೂ ಸರಿಯಾಗುತ್ತಿತ್ತು!

ನಿವೃತ್ತಿಯಾದ ಮೇಲೆ ಕೆಂಪು ಶಾಯಿ ಬಿಟ್ಟಿದ್ದೇನೆ. ಸಂಜೆ ಹೊತ್ತು ಬೀದಿಯ ಏಳೆಂಟು ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಗೋಡೆಗೊಂದು ಹಳೆಯ ಕರಿಹಲಗೆ ಇದೆ. ಮಕ್ಕಳನ್ನು ಬಿಡಲು ಬರುವ ಅಜ್ಜಿ ತಾತಂದಿರೂ ಕಲ್ಲುಬೆಂಚಿನ ಮೇಲೆ ಕೂತು ಕಿವಿಗೊಡುತ್ತಾರೆ, ಮಧ್ಯೆ ಬಾಯಿ ಹಾಕುತ್ತಾರೆ. ಈಚೆಗೆ ಅಲ್ಲಿ ನಾವು ಕೈಗೆತ್ತಿಕೊಂಡದ್ದು ಒಪ್ಪಿಸುವ, ಒಪ್ಪಿದ್ದನ್ನು ಬಿಡಿಸುವ ಇಂಗ್ಲಿಷ್ ಮಾತುಗಳನ್ನು. ಪುಸ್ತಕದ ಪರ್ಸ್ವೇಡ್, ಡಿಸ್ವೇಡ್ ಅಲ್ಲ, ಇಂಗ್ಲಿಷರು ಮನೆಯೊಳಗೆ ಆಡುವಂಥವು.

ಮೊದಲನೆಯದು 'ಟಾಕ್ ಇನ್‌ಟು'. ಟಾಕ್ ಅಂದರೆ ಮಾತು, ಇನ್‌ಟು ಅಂದರೆ ಒಳಕ್ಕೆ. ಮಾತಾಡಿ ಮಾತಾಡಿ ಒಬ್ಬರನ್ನು ಒಂದು ಕೆಲಸದ ಒಳಕ್ಕೆ ಕರೆತರುವುದು. ಇದರ ಜೋಡಿ 'ಟಾಕ್ ಔಟ್ ಆಫ್': ಮಾಡಹೊರಟಿದ್ದ ಕೆಲಸದಿಂದ ಮಾತಿನಲ್ಲೇ ಹೊರಕ್ಕೆ ಕರೆತರುವುದು. ಒಂದು ಮನೆಯನ್ನು ಊಹಿಸಿಕೊಳ್ಳಿ. ಬಾಗಿಲಲ್ಲಿ ನಿಂತವನನ್ನು ಬಾ ಬಾ ಎಂದು ಒಳಕ್ಕೆ ಕರೆದರೆ ಇನ್‌ಟು. ಆಗಲೇ ಒಳಗೆ ಹೋದವನನ್ನು ಕೈಹಿಡಿದು ಅಂಗಳಕ್ಕೆ ತಂದರೆ ಔಟ್ ಆಫ್.

"ಅಜ್ಜಿ ಟಾಕ್ಡ್ ಮಿ ಇನ್‌ಟು ಈಟಿಂಗ್ ಹಾಗಲಕಾಯಿ." ನಾನು ಹಲಗೆಯ ಮೇಲೆ ಬರೆದ ಮೊದಲ ವಾಕ್ಯವಿದು. ಇಲ್ಲಿ ಎರಡು ಸಂಗತಿ ನೋಡಿ. ಯಾರನ್ನು ಒಪ್ಪಿಸಿದ್ದೋ ಅವರು ಟಾಕ್‌ಗೂ ಇನ್‌ಟುವಿಗೂ ನಡುವೆ ಕೂರಬೇಕು. ಆಮೇಲೆ ಬರುವುದು ಈಟಿಂಗ್, ಬರೀ ಈಟ್ ಅಲ್ಲ. 'ಇನ್‌ಟು ಈಟ್' ಎಂದು ಬರೆಯುವವರೇ ಹೆಚ್ಚು. ವ್ಯಾಕರಣ ಇಷ್ಟೇ, ಮುಂದಿನದೆಲ್ಲ ಮಜಾ.

ಯಾಕೆಂದರೆ ಟಾಕ್ ಇದ್ದ ಜಾಗದಲ್ಲಿ ಬೇರೆ ಕ್ರಿಯಾಪದ ಕೂರಿಸಬಹುದು. ಹೆದರಿಸಿ ಮಾಡಿಸಿದರೆ 'ಸ್ಕೇರ್ ಇನ್‌ಟು'. ನಾಚಿಕೆಯಾಗುವಂತೆ ಆಡಿ ಮಾಡಿಸಿದರೆ 'ಶೇಮ್ ಇನ್‌ಟು'. ಮೋಸದಿಂದಾದರೆ 'ಟ್ರಿಕ್ ಇನ್‌ಟು', ದಬ್ಬಾಳಿಕೆಯಿಂದಾದರೆ 'ಬುಲ್ಲಿ ಇನ್‌ಟು'. ಹಿಂದಿನ ಪದ ದಾರಿ ಯಾವುದೆಂದು ಹೇಳುತ್ತದೆ, ಬಾಲದ ಪದ ಮನುಷ್ಯ ಕೊನೆಗೆ ಎಲ್ಲಿ ಬಂದು ನಿಂತ ಎಂದು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇದೇ. ಇದೊಂದು ಗೊತ್ತಾದರೆ ಪಟ್ಟಿ ಉರುಹೊಡೆಯುವ ಕಷ್ಟ ಅರ್ಧ ತಪ್ಪಿತು.

ಹೀಗೆ ಕ್ರಿಯಾಪದದ ಹಿಂದೆ ಪುಟ್ಟ ಪದ ಅಂಟಿಕೊಂಡು ಹೊಸ ಅರ್ಥ ಕೊಡುವುದಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬ ಲೇಖಕ 1925ರ ತನ್ನ ಪುಸ್ತಕದಲ್ಲಿ ಈ ಹೆಸರನ್ನು ಬಳಕೆಗೆ ತಂದ. ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಅವನೇ ಹೇಳಿಕೊಂಡಿದ್ದಾನೆ. ಆದರೆ ತೊಂದರೆ ಹಳೆಯದು. 1755ರಲ್ಲಿ ಲಂಡನ್ನಿನಲ್ಲಿ ದೊಡ್ಡ ನಿಘಂಟು ಹೊರತಂದ ಡಾಕ್ಟರ್ ಜಾನ್ಸನ್ ಮುನ್ನುಡಿಯಲ್ಲೇ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟ ಕೊಡುವುದು ಇವೇ ಎಂದು ಬರೆದಿದ್ದ. ಹಾಗಾಗಿ ಮಕ್ಕಳೇ, ತಲೆ ತಿರುಗಿದರೆ ನಿಮ್ಮದೇನೂ ತಪ್ಪಿಲ್ಲ.

"ನಮ್ಮಲ್ಲಿಲ್ಲದ ಗೋಜಲು" ಎಂದು ಕಲ್ಲುಬೆಂಚಿನ ಅಜ್ಜಿಯೊಬ್ಬರು ಗೊಣಗಿದರು. ಇಲ್ಲದೇ ಏನು? 'ಎತ್ತಿಕಟ್ಟು' ಅನ್ನುತ್ತೇವೆ. ಅಣ್ಣನ ಮೇಲೆ ತಮ್ಮನನ್ನು ಎತ್ತಿಕಟ್ಟಿದ ಅಂದರೆ ಅಲ್ಲಿ ಯಾರನ್ನೂ ಎತ್ತಿಲ್ಲ, ಯಾವ ಹಗ್ಗದಿಂದಲೂ ಕಟ್ಟಿಲ್ಲ. 'ದುಂಬಾಲು ಬಿದ್ದ' ಅಂದರೆ ಯಾರೂ ಬಿದ್ದಿಲ್ಲ. ಕನ್ನಡ ಕಲಿಯುವ ಇಂಗ್ಲಿಷಿನವನ ಪಾಡು ಕೇಳಿದರೆ ನಮಗೇ ಅಯ್ಯೋ ಅನ್ನಿಸೀತು.

ಎತ್ತಿಕಟ್ಟುವ ವಿಷಯ ಬಂತಲ್ಲ, ಅದರ ಹತ್ತಿರದ ನೆಂಟ 'ಎಗ್ ಆನ್'. ಇದನ್ನು ಬರೆದ ಕೂಡಲೇ ಮಕ್ಕಳು ಮೊಟ್ಟೆ ಮೊಟ್ಟೆ ಎಂದು ಕೂಗಿದರು. ಮೊಟ್ಟೆಗೂ ಇದಕ್ಕೂ ಸಂಬಂಧವಿಲ್ಲ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಲೂಟಿ ಮಾಡಿದ ವೈಕಿಂಗರ ಕತೆ ದೊಡ್ಡ ಮಕ್ಕಳಿಗೆ ಗೊತ್ತಿರಬಹುದು. ಆಮೇಲೆ ಅವರಲ್ಲಿ ಬಹಳ ಜನ ಅಲ್ಲೇ ನೆಲೆಸಿದರು, ಅವರ ನುಡಿಯ ಎಷ್ಟೋ ಪದಗಳೂ ನೆಲೆಸಿದವು. ಅವರ 'ಎಗ್ಯಾ' ಎಂಬ ಪದಕ್ಕೆ ಕೆರಳಿಸು, ಉದ್ರೇಕಿಸು ಎಂಬ ಅರ್ಥ. ಅದು ಕತ್ತಿಯ ಅಲಗು ಎಂಬ ಪದದಿಂದ ಹುಟ್ಟಿದ್ದು, ಇಂಗ್ಲಿಷಿನ 'ಎಡ್ಜ್' ಅದರ ದಾಯಾದಿ. ಎಗ್ ಆನ್ ಅಂದರೆ ಮನಸ್ಸಿಗೆ ಅಲಗು ಕೊಡುವುದು, ನಮ್ಮ ಕಡೆ 'ಮಸೆಯುವುದು' ಅನ್ನುತ್ತೇವಲ್ಲ, ಹಾಗೆ.

ಇದನ್ನು 'ಹುರಿದುಂಬಿಸು' ಎಂದು ಅನುವಾದಿಸುವುದನ್ನು ನೋಡಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಹುರಿದುಂಬಿಸುವುದು ಒಳ್ಳೆಯ ಕೆಲಸ. ಓಟದಲ್ಲಿ ಹಿಂದೆ ಬಿದ್ದ ಗೆಳತಿಗೆ ಚಪ್ಪಾಳೆ ತಟ್ಟಿದರೆ ಅದು 'ಚಿಯರ್ ಆನ್'. ಎಗ್ ಆನ್ ಸಾಮಾನ್ಯವಾಗಿ ಬರುವುದು ಮಾಡಬಾರದ್ದನ್ನು ಮಾಡಿಸುವಾಗ. ಮಳೆ ನೀರು ತುಂಬಿದ ಕಲ್ಲುಕ್ವಾರಿಯ ಅಂಚಿನಲ್ಲಿ ನಾಲ್ಕು ಹುಡುಗರು ನಿಂತು ಐದನೆಯವನಿಗೆ "ಹಾರೋ, ಹೆದರಿಕೊಂಡ್ಯಾ?" ಅನ್ನುತ್ತಾರಲ್ಲ, ಅದು ಎಗ್ ಆನ್. ಈಜು ಬಾರದವನಿಗೆ ಆ ನಾಲ್ವರಲ್ಲಿ ಒಬ್ಬನಾದರೂ "ಬೇಡ ಬಾರೋ, ಮನೆಗೆ ಹೋಗೋಣ" ಎಂದು ತೋಳು ಹಿಡಿದೆಳೆದರೆ ಅದು ಟಾಕ್ ಔಟ್ ಆಫ್. ಇದನ್ನು ಹೇಳುವಾಗ ಜಗಲಿಯಲ್ಲಿ ಇಬ್ಬರು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೇಳಲಿಲ್ಲ. ಅವರ ಅಜ್ಜಿ ಕೇಳಿದರು, ಮನೆಗೆ ಹೋದಮೇಲೆ.

ಹಾಗೆ ಕೇಳುವ ಮಾತಿಗೂ ಇಂಗ್ಲಿಷ್ ಇದೆ. "ಇದೆಲ್ಲ ನಿನ್ನ ಬುದ್ಧಿಯಲ್ಲ, ಯಾರು ಹೇಳಿಕೊಟ್ಟರು ನಿನಗೆ?" ಅನ್ನುತ್ತೇವಲ್ಲ. "ಹೂ ಪುಟ್ ಯು ಅಪ್ ಟು ಇಟ್?" ಅಷ್ಟೇ. ತೆರೆಮರೆಯಲ್ಲಿ ನಿಂತು ಹೇಳಿಕೊಡುವವರ ಮಾತು ಬಂದಮೇಲೆ ಮಂಥರೆಯನ್ನು ಬಿಡಲಾದೀತೇ? ರಾಮನಿಗೆ ಪಟ್ಟ ಎಂದು ಕೇಳಿದಾಗ ಕೈಕೇಯಿ ಮೊದಲು ಸಂತೋಷಪಟ್ಟವಳು, ಸುದ್ದಿ ತಂದ ಮಂಥರೆಗೇ ಒಡವೆ ಕೊಟ್ಟವಳು. ಅಂಥವಳನ್ನು ಮಾತಿನಲ್ಲೇ ತಿರುಗಿಸಿದ್ದು ಮಂಥರೆ. ಮಂಥರಾ ಟಾಕ್ಡ್ ಕೈಕೇಯಿ ಇನ್‌ಟು ಇಟ್. ದಶರಥ ಕಾಲು ಹಿಡಿದರೂ ಅವಳನ್ನು ಟಾಕ್ ಔಟ್ ಆಫ್ ಮಾಡಲಾಗಲಿಲ್ಲ. ಇಡೀ ರಾಮಾಯಣ ಈ ಎರಡು ಬಾಲಗಳ ನಡುವೆ ಇದೆ ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ಬೆಂಚಿನ ಕಡೆಯಿಂದ "ಸೀತೆ ಇಲ್ಲದೆಯೇ?" ಎಂಬ ಪ್ರಶ್ನೆ ಬಂತು. ಮುಂದಕ್ಕೆ ಹೋದೆ.

ಉತ್ತರಕುಮಾರನಿಗೆ ಹೊಂದುವ ಮಾತು 'ಬ್ರಿಂಗ್ ರೌಂಡ್'. ಅಂತಃಪುರದಲ್ಲಿ ಪೌರುಷ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದವನನ್ನು ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು, ಧೈರ್ಯ ಹೇಳಿ, ಸಾರಥಿಯಾಗಿ ಕೂರಿಸಿದ. ಬೇರೆ ಕಡೆ ಮುಖ ಮಾಡಿದವನನ್ನು ಸುತ್ತಿ ತಿರುಗಿಸಿ ನಮ್ಮ ಕಡೆಗೆ ತರುವುದೇ ಬ್ರಿಂಗ್ ರೌಂಡ್. ಮೂರ್ಛೆ ಹೋದವರನ್ನು ಎಚ್ಚರಗೊಳಿಸುವುದಕ್ಕೂ ಇದೇ ಮಾತು. ಉತ್ತರನಿಗೆ ಎರಡೂ ಸಲ್ಲುತ್ತದೆ!

ಮಕ್ಕಳಿಗೆ ಕೂಡಲೇ ಹಿಡಿಸಿದ್ದು 'ವೇರ್ ಡೌನ್'. ಚಪ್ಪಲಿ ಸವೆಯುತ್ತದಲ್ಲ, ಹಾಗೆ ಎದುರಿನವರ ಹಟವನ್ನು ಸವೆಸುವುದು. ಸೈಕಲ್ ಬೇಕೆಂದು ಬೆಳಿಗ್ಗೆ ಒಮ್ಮೆ, ಊಟಕ್ಕೆ ಕೂತಾಗ ಒಮ್ಮೆ, ದೀಪ ಆರಿಸಿದ ಮೇಲೆ ಇನ್ನೊಮ್ಮೆ ಕೇಳಿದರೆ ಅಪ್ಪ ಎಷ್ಟು ದಿನ ಗಟ್ಟಿಯಾಗಿರುತ್ತಾರೆ? ಇದರಲ್ಲಿ ವಾದವಿಲ್ಲ, ಕಾರಣವಿಲ್ಲ, ದುಂಬಾಲು ಮಾತ್ರ ಇದೆ. 'ಬಟರ್ ಅಪ್' ಅನ್ನು ವಿವರಿಸಲೇಬೇಕಿಲ್ಲ. ಬೆಣ್ಣೆ ಹಚ್ಚುವ ವಿಷಯದಲ್ಲಿ ಅವರೂ ನಾವೂ ಒಂದೇ.

ಬೆಣ್ಣೆಯಿಂದ ನೆನಪಾಯಿತು. ಪರ್ಸ್ವೇಡ್ ಎಂಬ ಪದದ ಹೊಟ್ಟೆಯೊಳಗೆ ಒಂದು ಸಿಹಿ ಅಡಗಿದೆ. ಅದು ಲ್ಯಾಟಿನಿನಿಂದ ಬಂದದ್ದು, ಅದರ ಬೇರು ಸವಿ ಎಂಬ ಅರ್ಥದ್ದು. ಸಂಸ್ಕೃತದ ಸ್ವಾದು, ನಾವು ಊಟದಲ್ಲಿ ಹೇಳುವ ಸ್ವಾದ, ಅಂಗಡಿಯ ಸ್ವೀಟ್ ಎಲ್ಲವೂ ಅದೇ ಬೇರಿನ ಚಿಗುರುಗಳು. ಒಪ್ಪಿಸುವುದೆಂದರೆ ಒಂದು ವಿಷಯವನ್ನು ಸವಿಯಾಗಿ ಕಾಣಿಸುವುದು. ಡಿಸ್ವೇಡ್ ಅದರ ತಂಗಿ, ಆದರೆ ಮನೆಮಾತಿನಲ್ಲಿ ಕಡಿಮೆ. ಆ ಜಾಗದಲ್ಲಿ ಟಾಕ್ ಔಟ್ ಆಫ್ ಅಥವಾ 'ಪುಟ್ ಆಫ್' ಓಡಾಡುತ್ತದೆ. ಪುಟ್ ಆಫ್‌ಗೆ ಮುಂದಕ್ಕೆ ಹಾಕು ಎಂಬ ಅರ್ಥವೂ ಉಂಟು, ಮನಸ್ಸು ಹಿಂಜರಿಯುವಂತೆ ಮಾಡು ಎಂಬ ಅರ್ಥವೂ ಉಂಟು. ಪರೀಕ್ಷೆ ಮುಂದಕ್ಕೆ ಹೋದರೆ ಮೊದಲನೆಯದು. ವಾಸನೆ ನೋಡಿಯೇ ಊಟ ಬೇಡವೆನ್ನಿಸಿದರೆ ಎರಡನೆಯದು.

ಇಷ್ಟರಲ್ಲಿ ಬೀದಿಯಲ್ಲಿ ಒಂದು ಘಟನೆ ನಡೆಯಿತು.

ನಮ್ಮ ಬೀದಿಯ ಕೊನೆಯ ಮನೆಯ ತಾತ 34 ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅವತ್ತು ಮಳೆಗೆಂದು ಶಾಲೆಗೆ ರಜೆ ಕೊಟ್ಟಿದ್ದರಿಂದ ಎಂಟನೇ ತರಗತಿಯ ಮೊಮ್ಮಗ ಮನೆಯಲ್ಲಿದ್ದ. ಹತ್ತು ಗಂಟೆಗೆ ತಾತನ ಮೊಬೈಲಿಗೆ ಕರೆ ಬಂತು. ನಿಮ್ಮ ಆಧಾರ್ ಸಂಖ್ಯೆ ಬಳಸಿ ಯಾರೋ ಕಳಿಸಿದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಮೇಲೆ ಕೇಸಾಗಿದೆ ಎಂದರು. ಆಮೇಲೆ ವಿಡಿಯೋ ಕರೆ. ಪರದೆಯ ಮೇಲೆ ಪೊಲೀಸ್ ಸಮವಸ್ತ್ರದ ಮನುಷ್ಯ. ಫೋನ್ ಇಡಬಾರದು, ಕೋಣೆಯ ಬಾಗಿಲು ಹಾಕಿಕೊಳ್ಳಬೇಕು, ಮನೆಯವರಿಗೆ ಹೇಳಿದರೆ ಅವರನ್ನೂ ಬಂಧಿಸುತ್ತೇವೆ. ಖಾತೆಯಲ್ಲಿರುವ ಹಣವನ್ನು 'ಪರಿಶೀಲನೆಗೆ' ನಾವು ಹೇಳುವ ಖಾತೆಗೆ ಹಾಕಿದರೆ ಸಂಜೆಯೊಳಗೆ ವಾಪಸ್. ಪತ್ರಿಕೆಗಳಲ್ಲಿ ಡಿಜಿಟಲ್ ಅರೆಸ್ಟ್ ಎಂದು ಓದುತ್ತೀರಲ್ಲ, ಅದು. ನಮ್ಮ ದೇಶದ ಯಾವ ಕಾನೂನಿನಲ್ಲೂ ಅಂಥ ಬಂಧನ ಇಲ್ಲ. ಯಾವ ಪೊಲೀಸರೂ ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಒಬ್ಬರೇ ಆ ದನಿ ಕೇಳಿದರೆ ಯಾರಿಗೂ ಹಾಗನ್ನಿಸುವುದಿಲ್ಲ.

ಹನ್ನೆರಡಕ್ಕೆ ತಾತ ಪಾಸ್‌ಬುಕ್ ಹುಡುಕಲು ಹೊರಗೆ ಬಂದರು. ಮುಖ ಬಿಳಿಚಿತ್ತು. ಹುಡುಗ ಏನು ತಾತ ಅನ್ನುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟರು. ಹುಡುಗ ಬಾಗಿಲ ಸಂದಿನಿಂದ ಪರದೆ ನೋಡಿದ, ಒಂದೆರಡು ಮಾತು ಕೇಳಿದ. ಕಿರುಚಲಿಲ್ಲ, ಫೋನು ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ತಾತ ಇನ್ನಷ್ಟು ಹೆದರುತ್ತಿದ್ದರೋ ಏನೋ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಪರದೆಗೆ ಕಾಣದ ಹಾಗೆ ಎತ್ತಿ ಹಿಡಿದ: "ತಾತ, ಸ್ಟೇಷನ್ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ ಇದೆ. ನಾನೇ ಅಲ್ಲಿಗೆ ಹೋಗ್ತೀನಿ ಅಂತ ಹೇಳು."

ತಾತ ಓದಿ ತಲೆ ಅಲ್ಲಾಡಿಸಿದರು. ಹುಡುಗ ಅದರ ಕೆಳಗೇ ಮತ್ತೆ ಬರೆದ: "ನಾನೂ ಜೊತೆಗೆ ಬರ್ತೀನಿ."

ತಾತ ಗಂಟಲು ಸರಿಮಾಡಿಕೊಂಡು ಹಾಗೇ ಹೇಳಿದರು. ಆ ಕಡೆಯವನು ಕೂಗಾಡತೊಡಗಿದ. ಹೊರಗೆ ಕಾಲಿಟ್ಟರೆ ಕೈಗೆ ಕೋಳ ಎಂದ. ತಾತನಿಗೆ ಅಲ್ಲಿ ಹೊಳೆಯಿತಂತೆ. 34 ವರ್ಷದ ನೌಕರಿಯಲ್ಲಿ ಕಚೇರಿಗೆ ಬಾ ಎಂದು ಅಲೆಸಿದ ಸಾಹೇಬರನ್ನು ಎಷ್ಟೋ ಜನರನ್ನು ಕಂಡಿದ್ದರು, ಕಚೇರಿಗೆ ಬರಬೇಡ ಎಂದು ಗೋಗರೆದ ಸಾಹೇಬನನ್ನು ಒಬ್ಬನನ್ನೂ ಕಂಡಿರಲಿಲ್ಲ! ಫೋನು ಆರಿಸಿದರು. ಹಣ ಹೋಗಲಿಲ್ಲ. ಸಂಜೆ ಮಗ ಬಂದು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಆ ಸಂಖ್ಯೆಯನ್ನು ತಿಳಿಸಿದರು. ಹಣ ಹೋಗಿದ್ದವರೂ ತಡಮಾಡದೆ ಕರೆಯಬೇಕಾದ ಸಂಖ್ಯೆ ಅದೇ. ತಾತನ ಫೋನಿನ ಹಿಂಬದಿಗೆ ಈಗ ಆ ನಾಲ್ಕು ಅಂಕಿಯ ಚೀಟಿ ಅಂಟಿದೆ.

ಮರುದಿನ ಹುಡುಗ ಜಗಲಿಗೆ ಬಂದವನೇ, "ಮಿಸ್, ಇದನ್ನು ಇಂಗ್ಲಿಷಲ್ಲಿ ಹೇಗೆ ಬರೀಬೇಕು?" ಎಂದ. ಅವನ ಕೈಯಲ್ಲೇ ಹಲಗೆಯ ಮೇಲೆ ಬರೆಸಿದೆ. "ಐ ಟಾಕ್ಡ್ ಮೈ ಗ್ರ್ಯಾಂಡ್‌ಫಾದರ್ ಔಟ್ ಆಫ್ ಸೆಂಡಿಂಗ್ ದ ಮನಿ." ತಕ್ಷಣ ಒಬ್ಬಳು ಕೈ ಎತ್ತಿದಳು. "ಅವನು ಟಾಕ್ ಎಲ್ಲಿ ಮಾಡಿದ ಮಿಸ್? ಬರೆದದ್ದಲ್ವಾ?" ಎಲ್ಲರೂ ನಕ್ಕರು. ನಾಲಿಗೆ ಅಲುಗದಿದ್ದರೂ ಟಾಕ್ ಆದೀತು, ಒಬ್ಬರ ಮಾತು ಇನ್ನೊಬ್ಬರ ಮನಸ್ಸಿಗೆ ತಲುಪಿದರೆ ಸಾಕು ಎಂದೆ.

ಹಾಗಾದರೆ ಆ ಕಳ್ಳ ಮಾಡಿದ್ದೇನು? ಟಾಕ್ ಇನ್‌ಟು ಎಂದರು ಕೆಲವರು. ನನಗೆ ಅದು ತೀರ ಮೆತ್ತಗಾಯಿತು ಅನ್ನಿಸಿತು. ಅಲ್ಲಿ ಮಾತಿನ ಸವಿ ಎಲ್ಲಿತ್ತು? ಬೆದರಿಕೆ, ಆತುರ, ಯಾರಿಗೂ ಹೇಳಬೇಡ ಎಂಬ ಕಟ್ಟಪ್ಪಣೆ. ಸ್ಕೇರ್ ಇನ್‌ಟು ಸರಿಯೋ, ಬುಲ್ಲಿ ಇನ್‌ಟು ಸರಿಯೋ ಎಂದು ಚರ್ಚೆಯಾಗಿ ಕೊನೆಗೆ "ಹಿ ಟ್ರೈಡ್ ಟು ಸ್ಕೇರ್ ಹಿಮ್ ಇನ್‌ಟು ಸೆಂಡಿಂಗ್ ದ ಮನಿ" ಎಂದು ನಿಂತಿತು. ಟ್ರೈಡ್ ಎಂಬ ಪದಕ್ಕೆ ಹುಡುಗ ತಾನಾಗಿಯೇ ಎರಡು ಗೆರೆ ಎಳೆದ.

ತಾತ ಅವತ್ತು ಬೆಂಚಿನ ಮೇಲೆ ಇದ್ದರು. ಎರಡೂ ವಾಕ್ಯದ ಅರ್ಥ ಹೇಳಿಸಿಕೊಂಡರು. "ಇನ್‌ಟು ಒಳಕ್ಕೆ, ಔಟ್ ಆಫ್ ಹೊರಕ್ಕೆ, ಅಲ್ವೇನಮ್ಮ? ಸರಿಯಾಗಿದೆ. ನಾನು ನಿಜವಾಗಿಯೂ ಒಳಗೇ ಇದ್ದೆ. ಬಾಗಿಲು ಹಾಕಿಕೊಂಡು," ಎಂದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಐದನೇ ತರಗತಿಯ ಪುಟ್ಟಿ, "ಮಿಸ್, ಪುಣ್ಯಕೋಟಿಗೆ ಏನು ಬರೀಬೇಕು?" ಎಂದು ಕೇಳಿದಳು. ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಗೋವಿನ ಹಾಡಿನ ರೂಪಕ ಮಾಡುತ್ತಿದ್ದರು, ಅವಳೇ ಕರು. ನನಗೆ ಇಷ್ಟು ದಿನ ಹೊಳೆದಿರಲಿಲ್ಲ, ಆ ಹಾಡಿನಲ್ಲಿ ನಮ್ಮ ಪಾಠ ಪೂರ್ತಿ ಇದೆ. ಕರುವಿಗೆ ಹಾಲೂಡಿಸಿ ಬರುತ್ತೇನೆ ಎಂದು ಹುಲಿಯನ್ನು ಒಪ್ಪಿಸಿ ಹಸು ಮನೆಗೆ ಬರುತ್ತದೆ: ಶಿ ಟಾಕ್ಡ್ ದ ಟೈಗರ್ ಇನ್‌ಟು ಲೆಟ್ಟಿಂಗ್ ಹರ್ ಗೋ. ಸಾಯಲು ಹೋಗಬೇಡಮ್ಮ, ಇಲ್ಲೇ ಇರು ಎಂದು ಕರು ಬೇಡಿಕೊಳ್ಳುತ್ತದೆ: ದ ಕಾಫ್ ಟ್ರೈಡ್ ಟು ಟಾಕ್ ಹರ್ ಔಟ್ ಆಫ್ ಗೋಯಿಂಗ್ ಬ್ಯಾಕ್. ಇಲ್ಲೂ ಟ್ರೈಡ್. ಕರುವಿನ ಪಾತ್ರದವಳಿಗೆ ಇದು ಬೇಸರ ತಂದಿತು. "ನಾನು ಎಷ್ಟು ಚೆನ್ನಾಗಿ ಅಳ್ತೀನಿ ಗೊತ್ತಾ!" ಎಂದಳು.

ಕಡೆಗೆ ಉಳಿದದ್ದು ಹುಲಿ. ಕೊಟ್ಟ ಮಾತಿಗೆ ಹಸು ತಿರುಗಿ ಬಂದು ನಿಂತಾಗ ಹುಲಿಯ ಮನಸ್ಸು ಬದಲಾಯಿತಲ್ಲ, ಅದಕ್ಕೇನು ಬರೆಯುವುದು? ಟಾಕ್ ಔಟ್ ಆಫ್ ಎಂದ ಒಬ್ಬ. ತನ್ನನ್ನು ತಿನ್ನು ಎಂದೇ ಹೇಳಿಕೊಂಡು ಬಂದವಳು ಬೇಡವೆಂದು ವಾದಿಸಿದ್ದೆಲ್ಲಿ ಎಂದಳು ಇನ್ನೊಬ್ಬಳು. ನಾನು 'ವಿನ್ ಓವರ್' ಸೂಚಿಸಿದೆ. ಒಬ್ಬರ ಮನಸ್ಸನ್ನು ಗೆದ್ದು ತನ್ನ ಕಡೆಗೆ ಮಾಡಿಕೊಳ್ಳುವುದು, ಅದಕ್ಕೆ ಮಾತೇ ಬೇಕೆಂದಿಲ್ಲ. ದೊಡ್ಡವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಪುಟ್ಟಿ ಮಾತ್ರ ಒಪ್ಪಲಿಲ್ಲ. ಪುಣ್ಯಕೋಟಿ ಗೆಲ್ಲೋಕೆ ಬಂದಿರಲಿಲ್ಲ, ಸಾಯೋಕೆ ಬಂದಿದ್ದಳು, ಹುಲಿಗೆ ತಾನಾಗೇ ನಾಚಿಕೆಯಾಯಿತು, ಶೇಮ್ ಇನ್‌ಟು ಯಾಕಾಗಬಾರದು ಎಂದಳು. ನಾಚಿಸಬೇಕೆಂದು ಅವಳೇನಾದರೂ ಮಾಡಿದಳೇ ಎಂದು ತಾತ ಕೇಳಿದರು. ಇಬ್ಬರಲ್ಲಿ ಯಾರೂ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಮನೆಮನೆಯಿಂದ ಊಟಕ್ಕೆ ಕೂಗು ಬಂತು. ಹಲಗೆಯ ಮೇಲೆ 'ದ ಟೈಗರ್ ವಾಸ್' ಎಂಬಲ್ಲಿಗೇ ವಾಕ್ಯ ನಿಂತಿದೆ. ಒರೆಸಬೇಡಿ ಎಂದು ಪುಟ್ಟಿ ಹೇಳಿ ಹೋಗಿದ್ದಾಳೆ.